ಎಡತೋಳಿನ ಅಳತೆ

ನಾನು ಕೆಲಸ ಕಲಿತ ಹೆರಿಗೆ ಆಸ್ಪತ್ರೆಯ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಒಂದು ಹಳೆಯ ಹೊಲಿಗೆ ಯಂತ್ರವಿತ್ತು. ಅದರ ಮುಂದೆ ಇಪ್ಪತ್ತಾರು ವರ್ಷ ಕೂತವಳು ಟೇಪಕ್ಕ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದರಿಂದ ಆ ಹೆಸರು. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಹರಿದ ಹಾಸಿಗೆ ತೇಪೆ, ದಿಂಬಿಗೆ ಗವಸು, ಎಳೆಗೂಸುಗಳಿಗೆ ಅಂಗಿ, ಇವೇ ಅವಳ ಕೆಲಸ. ಬಾಯಿ ಮಾತ್ರ ಯಂತ್ರಕ್ಕಿಂತ ಜೋರು. "ಇಲ್ಲಿ ಹುಟ್ಟಿದೋರ ಮೊದಲ ಅಂಗಿ ನನ್ನದೇ ಕಣೇ. ನಾಳೆ ಯಾವನು ಮಂತ್ರಿಯಾದ್ರೂ ನನ್ನೆದುರು ಅವನ ಜಂಭ ನಡೆಯಲ್ಲ," ಅನ್ನುತ್ತಿದ್ದಳು.

ನಾನು ನರ್ಸಾಗಿ ಸೇರಿದ ವರ್ಷ ಒಬ್ಬ ಬಡಗಿಯ ಹೆಂಡತಿಗೆ ಹೆಣ್ಣುಮಗು ಹುಟ್ಟಿತು. ಚೊಚ್ಚಲು. ಮಗುವಿನ ಎಡಗೈ ಮೊಣಕೈಯಿಂದ ತುಸು ಕೆಳಗೇ ನಿಂತುಬಿಟ್ಟಿತ್ತು. ತಾಯಿ ಎರಡು ದಿನ ಕೂಸನ್ನು ಕೊರಳವರೆಗೆ ಬಟ್ಟೆಯಲ್ಲಿ ಸುತ್ತಿಯೇ ಇಟ್ಟಳು. ನೋಡಲು ಬಂದ ನೆಂಟರೊಬ್ಬರು, "ಬಸುರೀಲಿ ಯಾವ ಮಾತ್ರೆ ನುಂಗಿದ್ದೆ?" ಎಂದು ಕೇಳಿ ಹೋದರು. ತಂದೆ ಮೊಗಸಾಲೆಯ ಬೆಂಚು ಬಿಟ್ಟು ಒಳಗೆ ಬರಲಿಲ್ಲ. ನಾನು, "ಧೈರ್ಯ ತಂದ್ಕೊಳ್ಳಿ," ಎಂದು ಹೇಳಿ, ಬೇರೆ ಕೆಲಸದ ನೆವ ಹೂಡಿ ತಪ್ಪಿಸಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಟೇಪಕ್ಕ ಮೆಟ್ಟಿಲು ಹತ್ತಿ ಬಂದಳು. ಬೆಂಚಿನ ಮೇಲಿದ್ದ ಬಡಗಿಯನ್ನು, "ಬನ್ನಿ ಅಣ್ಣಾ, ನಿಮ್ಮಿಂದ ಒಂದು ಕೆಲಸ ಆಗ್ಬೇಕು," ಎಂದು ಕೈಹಿಡಿದು ಎಬ್ಬಿಸಿ ಒಳಗೆ ಕರೆತಂದಳು.

"ಏನಮ್ಮಾ ತಾಯಿ, ಮಗೂಗೆ ಅಂಗಿ ಹೊಲೀಬೇಕು. ಅಳತೆ ಬೇಕಲ್ಲ?"

ತಾಯಿ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಟೇಪಕ್ಕ ಒತ್ತಾಯಿಸಲಿಲ್ಲ. ಮಂಚದ ಅಂಚಿಗೆ ಕೂತಳು.

"ನಾನೇನಾದ್ರೂ ತಪ್ಪು ಮಾಡಿದ್ನಾ ಅಕ್ಕಾ?" ಎಂದು ತಾಯಿಯೇ ಕೇಳಿದಳು.

"ಡಾಕ್ಟ್ರು ಏನಂದ್ರು?"

"ನನ್ನಿಂದ ಆದದ್ದಲ್ಲ ಅಂದ್ರು."

"ಮತ್ತೆ? ಆದ್ರೆ ತಲೆಗೆ ಹೋದ ಮಾತು ಎದೆಗಿಳಿಯೋಕೆ ಹೊತ್ತು ಬೇಕು. ಅಳು ಬಂದ್ರೆ ಅಳು. ಅದಕ್ಕೇನು ಯಾರಪ್ಪನ ಅಪ್ಪಣೆ ಬೇಕಾ?"

ತಾಯಿ ಬಿಕ್ಕಿ ಬಿಕ್ಕಿ ಅತ್ತಳು. ಟೇಪಕ್ಕ ಬೆನ್ನು ಸವರುತ್ತ ಕೂತಳು. ಅಳು ಇಳಿದ ಮೇಲೆ ತಾಯಿ ತಾನಾಗಿಯೇ ಬಟ್ಟೆ ಬಿಚ್ಚಿದಳು.

ಟೇಪಕ್ಕ ಕೊರಳಿನ ಟೇಪನ್ನು ತೆಗೆದು ತಂದೆಯ ಕೈಗಿಟ್ಟಳು. "ಅಳೆಯೋದು ನಿಮ್ಮ ಕಸುಬೂ ಹೌದಲ್ಲ. ನೀವೇ ಹಿಡೀರಿ."

ಅವನು ಅದುವರೆಗೆ ಮಗಳನ್ನು ಮುಟ್ಟಿರಲಿಲ್ಲ. ಒರಟು ಬೆರಳುಗಳಲ್ಲಿ ಟೇಪು ಹಿಡಿದು ಬಾಗಿದ. "ಬಲಕ್ಕೆ ಆರು ಇಂಚು," ಎಂದ. ಎಡಕ್ಕೆ ಬಂದಾಗ ತಡೆದು, "ನಾಲ್ಕು ಚಿಲ್ಲರೆ," ಎಂದ.

"ಚಿಲ್ಲರೆ ಅಂದ್ರೆ? ಬಡಗಿಯಾಗಿ ಇಂಥ ಅಳತೆ ಕೊಡ್ತೀರಾ? ನಿಮ್ಮ ಬಾಗಿಲು ಮುಚ್ಚೋದು ಹೆಂಗೆ?"

ಅವನು ಮತ್ತೆ ಬಾಗಿದ. ಮಗು ಆ ಪುಟ್ಟ ತುದಿಯನ್ನು ಅವನ ಅಂಗೈಗೆ ಒತ್ತಿತು. "ನಾಲ್ಕೂಕಾಲು," ಎಂದ. ಟೇಪು ಸುತ್ತುತ್ತ, "ಎಡತೋಳನ್ನೂ ಆರಕ್ಕೇ ಹೊಲೀರಿ ಅಕ್ಕಾ. ಯಾರಿಗೂ ಕಾಣೋದು ಬೇಡ," ಎಂದು ಬೇಡಿಕೊಂಡ.

"ಖಾಲಿ ತೋಳು ಮುಖದ ಮೇಲೆ ಬಿದ್ದು ಉಸಿರಿಗೆ ಅಡ್ಡ ಬರುತ್ತೆ. ಮತ್ತೆ ಇವಳು ಅಮ್ಮನ್ನ ಮುಟ್ಟಿ ನೋಡೋಕೆ ಆ ತುದೀನೂ ಬೇಕು. ತುದಿ ಹೊರಗಿರೋ ಹಾಗೆ ನಾಲ್ಕಕ್ಕೇ ಹೊಲೀತೀನಿ. ಮುಚ್ಚಬೇಕು ಅನ್ನಿಸಿದ ದಿನ ಶಾಲು ಹೊದಿಸಿ, ಯಾರು ಬೇಡ ಅಂತಾರೆ?"

ಸಂಜೆಯೊಳಗೆ ಮೂರು ಅಂಗಿ ಸಿದ್ಧವಾದವು.

"ನಿನಗೆ ಇದೆಲ್ಲ ಹೇಗೆ ತೋಚುತ್ತೆ?" ಎಂದು ನಾನು ಆಮೇಲೆ ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ನನ್ನ ಮಗಳು ಹುಟ್ಟುಗುರುಡಿ. ಬಂದೋರೆಲ್ಲ ನನ್ನ ಮುಖ ನೋಡಿ ಲೊಚಗುಟ್ಟಿದ್ರು, ಮಗೂನ ಒಬ್ಬರೂ ಎತ್ಕೊಳ್ಳಲಿಲ್ಲ. ಕಸ ಗುಡಿಸೋಳೊಬ್ಬಳು ಮಾತ್ರ ಎತ್ಕೊಂಡು, 'ಏನು ಭಾರ ಇದ್ದಾಳೆ ಈ ಕಳ್ಳಿ!' ಅಂದ್ಲು. ಅವತ್ತೇ ನಾನು ಹೊಟ್ಟೆತುಂಬ ಉಂಡಿದ್ದು." ಆ ಮಗಳು ಈಗ ಒಂದು ಕಚೇರಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಳು. "ಮನೇಲಿ ನನ್ನ ಹೊಲಿಗೇನ ಬೆರಳಲ್ಲೇ ಸವರಿ ತಪ್ಪು ಹಿಡೀತಾಳೆ, ಕತ್ತೆ," ಎಂದು ಹೆಮ್ಮೆಯಿಂದ ಬೈದಳು.

ಬಡಗಿಯ ಮನೆಯಲ್ಲಿ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಗಳನ್ನು ತನ್ನ ಕೆಲಸದ ಜಾಗಕ್ಕೆ ಎತ್ತಿಕೊಂಡು ಹೋಗಲು ಅವನಿಗೆ ಏಳು ತಿಂಗಳು ಬೇಕಾಯಿತು. ಲಸಿಕೆಗೆ ಬಂದಾಗಲೆಲ್ಲ ತಾಯಿ ಮಾತ್ರ ಟೇಪಕ್ಕನ ಕೋಣೆಗಿಳಿದು ಒಂದಿಷ್ಟು ಅತ್ತು, ಒಂದಿಷ್ಟು ನಕ್ಕು ಹೋಗುತ್ತಿದ್ದಳು.

ಎರಡು ವರ್ಷದ ಮೇಲೆ, ಪಾದಗಳು ಒಳಕ್ಕೆ ತಿರುಚಿಕೊಂಡ ಮಗುವೊಂದು ಹುಟ್ಟಿತು. ಆ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಟೇಪಕ್ಕ ಬಡಗಿಯ ಹೆಂಡತಿಗೆ ಹೇಳಿಕಳಿಸಿದಳು. ಅವಳು ಮಗಳ ಕೈಹಿಡಿದು ಬಂದಳು, ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು. ಮಗಳು ಮಂಚದ ಕಾಲಿಗೆ ಜೋತುಬಿದ್ದು ಎಲ್ಲರನ್ನೂ ನೋಡುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಮಲಗಿದ್ದವಳು ಹೊರಳಿ ಆ ಹುಡುಗಿಯ ಎಡತೋಳನ್ನು ನೋಡಿದಳು. "ಇವಳು ತಾನೇ ಊಟ ಮಾಡ್ತಾಳಾ?"

"ಮಾಡ್ತಾಳೆ ತಂಗೀ. ಅರ್ಧ ಬಾಯಿಗೆ, ಅರ್ಧ ಅವರಪ್ಪನ ಮೈಮೇಲೆ."

ಮಲಗಿದ್ದವಳು ನಕ್ಕಳು, ಆಮೇಲೆ ತೊಟ್ಟಿಲಿನತ್ತ ಕೈ ಚಾಚಿದಳು.