ನಲ್ಲಿ ಚಿಕ್ಕಮ್ಮನ ಫೋಟೋ

ನಮ್ಮ ಚಿಕ್ಕಮ್ಮನಿಗೆ ಬೀದಿಯವರೆಲ್ಲ ‘ನಲ್ಲಿ ಚಿಕ್ಕಮ್ಮ’ ಅಂತಾರೆ. ಸುಮ್ಮನೆ ಬಂದ ಹೆಸರಲ್ಲ, ಮಾತಾಡಿ ಮಾತಾಡಿ ಅವಳೇ ಸಂಪಾದಿಸಿದ್ದು. ಅವಳ ಇಸ್ತ್ರಿ ಅಂಗಡಿಯ ಎದುರಿಗೇ ಹಳೇ ಪಂಪ್‌ಹೌಸು. ಮೋಟಾರು ನಿಂತುಹೋದ ಮೇಲೆ ಬೀದಿಯವರೇ ಸೇರಿ ಅದನ್ನು ವಸ್ತುಸಂಗ್ರಹಾಲಯ ಮಾಡಿದರು. ಮನೆಮನೆಯಿಂದ ತಂದ ಕೊಡ, ಲಾಟೀನು, ಹೊಲಿಗೆ ಮಿಷನ್ನು, ಗೋಡೆ ತುಂಬ ಫೋಟೋ. ಅದರಲ್ಲೊಂದು, ಬೀದಿಗೆ ಮೊದಲ ಸಲ ನಲ್ಲಿ ನೀರು ಬಂದ ದಿನದ್ದು. ಜನರ ನಡುವೆ ಒಬ್ಬ ಪುಟ್ಟ ಹುಡುಗಿ ಬಗ್ಗಿ ನಲ್ಲಿಗೆ ಬಾಯಿ ಒಡ್ಡಿದ ಹಾಗಿದೆ. ಮುಖಕ್ಕೆ ಕೂದಲು ಅಡ್ಡ. ಕೈಗಳಿರಬೇಕಾದ ಕಡೆ ತೇವದ ಕಲೆ ಹರಡಿ ಏನೂ ಕಾಣದು. “ಅದು ನಾನೇ,” ಅನ್ನುತ್ತಿದ್ದಳು ಚಿಕ್ಕಮ್ಮ.

ಬಟ್ಟೆ ಕೊಡಲು ಬಂದವರಿಗೆ, ಇಸ್ಕೊಳ್ಳಲು ಬಂದವರಿಗೆ, ಪಾಪ, ದಾರಿ ಕೇಳಿದವರಿಗೂ ಈ ಕಥೆ ತಪ್ಪಿದ್ದಲ್ಲ. “ಆ ನೀರು ಎಷ್ಟು ತಣ್ಣಗಿತ್ತು ಗೊತ್ತಾ? ಕಬ್ಬಿಣದ ರುಚಿ. ಹಲ್ಲು ಜುಮ್ ಅಂತು!” ಅನ್ನುವಾಗ ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಲ್ಲುತ್ತಿತ್ತು. ಹಾಗೆ ನಿಂತೇ ನನ್ನದೊಂದು ಒಳ್ಳೇ ಅಂಗಿ ಸುಟ್ಟಿದೆ, ನಾನಿನ್ನೂ ಮರೆತಿಲ್ಲ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ, ಹಗಲೆಲ್ಲ ಊರವರ ಬಟ್ಟೆಯ ಸುಕ್ಕು ತೆಗೆಯೋದೇ ಬದುಕು. ನಂದು ಅಂತ ಹೇಳಿಕೊಳ್ಳೋಕೆ ಅವಳಿಗಿದ್ದದ್ದು ಆ ಫೋಟೋ ಒಂದೇ. ನನ್ನಮ್ಮ, ಅಂದರೆ ಅವಳ ಅಕ್ಕ, ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಾ “ಹೂಂ ಕಣೇ, ಹೂಂ” ಅನ್ನುತ್ತಿದ್ದಳು.

ಹೋದ ವರ್ಷ ಪಂಪ್‌ಹೌಸಿನ ಚಾವಣಿ ಸೋರೋಕೆ ಶುರುವಾಗಿ, ಮುಚ್ಚಿ, ಪೂರ್ತಿ ರಿಪೇರಿ ಮಾಡಿಸಿದರು. ಮತ್ತೆ ತೆರೆಯೋ ದಿನ ಟೇಪು ಕತ್ತರಿಸೋದು ಯಾರು ಅಂತ ಮಾತು ಬಂತು. “ದೊಡ್ಡವರು ಯಾಕೆ? ಫೋಟೋದಲ್ಲಿರೋ ಹುಡುಗೀನೇ ಕತ್ತರಿಸಲಿ,” ಅಂದರು ಸಂಗ್ರಹಾಲಯ ನೋಡಿಕೊಳ್ಳುವ ಮೇಷ್ಟ್ರು. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದ್ದ ಒಳ್ಳೇ ಬಟ್ಟೆಗೆ ಇಸ್ತ್ರಿ ಹಾಕಿ ಮಡಚಿದಳು, ಬಿಚ್ಚಿದಳು, ಮತ್ತೆ ಇಸ್ತ್ರಿ ಹಾಕಿದಳು.

ಅವತ್ತು ಬೆಳಿಗ್ಗೆ ಜನ ಸೇರೋ ಮೊದಲೇ ಮೇಷ್ಟ್ರು ಚಿಕ್ಕಮ್ಮ, ಅಮ್ಮ, ನಾನು, ಮೂವರನ್ನೂ ಹಿಂಬಾಗಿಲಿಂದ ಒಳಗೆ ಕರೆದರು. ನನಗೆ ದಿಕ್ಕೇ ತಿಳಿಯಲಿಲ್ಲ. ಬಾಗಿಲಿದ್ದ ಕಡೆ ಗೋಡೆ, ಗೋಡೆಯಿದ್ದ ಕಡೆ ಕಿಟಕಿ. ಚಿಕ್ಕಮ್ಮ ಗಾಜೊಂದಕ್ಕೆ ಹಣೆ ಬಡಿಸಿಕೊಂಡು, “ಯಾವನು ಇಲ್ಲಿ ಗಾಜಿಟ್ಟೋನು!” ಅಂತ ಬೈದಳು. ತಲೆಯೆತ್ತಿದರೆ ಎದುರಿಗೇ ಫೋಟೋ. ಹಳೇ ಕಟ್ಟು ಬಿಚ್ಚಿ, ಕಲೆ ತೆಗೆಸಿ, ಗೋಡೆಯಷ್ಟು ದೊಡ್ಡದು ಮಾಡಿಸಿದ್ದರು.

ಈಗ ಹುಡುಗಿಯ ಕೈಗಳು ಕಾಣುತ್ತಿದ್ದವು. ಅವಳು ನಲ್ಲಿ ತಿರುಗಿಸಿದ್ದು ಎಡಗೈಯಲ್ಲಿ. ನಮ್ಮ ಮನೇಲಿ ಎಡಗೈಯವಳು ಒಬ್ಬಳೇ, ಅಮ್ಮ. ‘ಎಡಚಿ’ ಅಂತ ಬೈಸಿಕೊಂಡೇ ಬೆಳೆದವಳು.

“ಮೇಷ್ಟ್ರೇ, ಇದನ್ನ ತಿರುಗುಮುರುಗು ಮಾಡ್ಬಿಟ್ಟಿದ್ದೀರಿ,” ಅಂದಳು ಚಿಕ್ಕಮ್ಮ.

“ಇಲ್ಲಮ್ಮ. ಹಿಂದಿನ ಗೋಡೆ ಮೇಲಿರೋ ಅಕ್ಷರ ನೋಡಿ, ನೆಟ್ಟಗೇ ಇದೆಯಲ್ಲ.”

“ಹಾಗಾದ್ರೆ ಅವತ್ತೊಂದಿನ ನಾನೇ ಎಡಗೈಲಿ ತಿರುಗಿಸಿದ್ನೇನೋ.” ತನ್ನೆರಡು ಕೈಯನ್ನೂ ಎತ್ತಿ, ಯಾವುದು ಎಡ ಯಾವುದು ಬಲ ಅಂತ ಮರೆತವಳ ಹಾಗೆ ನೋಡಿಕೊಂಡಳು. ನನಗೆ ಅಳುವೇ ಬಂತು. ಮೇಷ್ಟ್ರು ಕತ್ತರಿಯ ತಟ್ಟೆ ಹಿಡಿದು, ಯಾರ ಮುಂದೆ ಒಡ್ಡಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

“ಅಕ್ಕಾ, ಇದು ನೀನಾ?”

ಅಮ್ಮ ಕನ್ನಡಕ ಒರೆಸುತ್ತಲೇ ಇದ್ದಳು. “ಹೂಂ ಕಣೇ.”

“ಮತ್ತೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ನನ್ನ ಕೈಲಿ ಊರಿಗೆಲ್ಲ ಸುಳ್ಳು ಹೇಳಿಸ್ದೆಯಲ್ಲೇ!”

“ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ. ಮಧ್ಯೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ. ನಂಗೇನು ಕಮ್ಮಿಯಾಗ್ತಿತ್ತು?”

“ಹಾಗಾದ್ರೆ ಆ ರುಚಿ? ಹಲ್ಲು ಜುಮ್ ಅಂದಿದ್ದು? ಅದೂ ಸುಳ್ಳಾ? ನಂಗೇನು ಹುಚ್ಚಾ?”

ನನಗೂ ತಲೆಬುಡ ತಿಳಿಯಲಿಲ್ಲ. ನಲ್ಲಿ ಹತ್ತಿರ ಇರೋದು ಅಮ್ಮ, ರುಚಿ ನೆನಪಿರೋದು ಚಿಕ್ಕಮ್ಮನಿಗೆ. ಹೊರಗೆ ಜನ ಸೇರಿ ಗಲಾಟೆ ಶುರುವಾಗಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದಳು. “ಬಾ ಇಲ್ಲಿ. ನನ್ನ ಬಲಗೈ ನೋಡು. ನಾನು ಕುಡೀತಿಲ್ಲ ಕಣೇ. ಅಂಗೈಲಿ ನೀರು ಹಿಡ್ಕೊಳ್ತಿದ್ದೀನಿ.”

“ಯಾರಿಗೆ?”

ಅಮ್ಮನ ಬೆರಳು ಫೋಟೋದ ಅಂಚಿಗೆ ಹೋಯಿತು. ಹಳೇ ಕಟ್ಟಿನ ಅಡಿ ಇಷ್ಟು ವರ್ಷ ಮುಚ್ಚಿಹೋಗಿದ್ದ ಅಂಚು. ಅಲ್ಲಿ ಅದೇ ಬಟ್ಟೆಯ ಫ್ರಾಕು ತೊಟ್ಟ, ಇನ್ನೂ ಚಿಕ್ಕ ಹುಡುಗಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡು, ಬಾಯಿ ತೆರೆದು ಅಳುತ್ತಿದ್ದಳು.

“ನಲ್ಲಿ ಬುಸ್ ಅಂತ ಗಾಳಿ ಬಿಡ್ತು. ನೀನು ಹೆದರಿ ದೂರ ಓಡಿದೆ. ಸಾಲದ್ದಕ್ಕೆ ನೀರು ಬೇಕು ಅಂತ ರಂಪ ಬೇರೆ. ಮೊದಲ ನೀರು ಕುಡಿದೋಳು ನೀನೇ ಕಣೇ, ಈ ಕೈಯಿಂದ. ನಿಂಗೆ ನೀರೊಂದೇ ನೆನಪುಳೀತು.”

ಚಿಕ್ಕಮ್ಮ ಅಮ್ಮನ ಬಲಗೈ ಎಳೆದು, ಅಂಗೈ ಮೇಲೆ ಮಾಡಿ ತುಂಬ ಹೊತ್ತು ನೋಡಿದಳು. ಆಮೇಲೆ “ಥೂ ನಿನ್ನ, ಮೊದಲೇ ಹೇಳೋಕೇನಾಗಿತ್ತು ರೋಗ!” ಅಂತ ಅದೇ ಕೈಗೆ ಒಂದು ಏಟು ಕೊಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಹೊರಗೆ ಬಂದವಳೇ ಕತ್ತರಿಯನ್ನು ಅಮ್ಮನಿಗೆ ಕೊಟ್ಟಳು. ಎಡಗೈಗೆ ಆ ಕತ್ತರಿ ಬಗ್ಗಲಿಲ್ಲ. ಟೇಪು ಸುಕ್ಕಾಯಿತೇ ಹೊರತು ತುಂಡಾಗಲಿಲ್ಲ. ಜನ ನಗುತ್ತಿದ್ದರು, ಇದೇನು ಒಬ್ಬಳನ್ನು ಕರೆದು ಇನ್ನೊಬ್ಬಳ ಕೈಗೆ ಕತ್ತರಿ ಕೊಟ್ಟಿದ್ದಾರೆ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಚಿಕ್ಕಮ್ಮ ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡಳು.

“ನಲ್ಲಿ ಹತ್ರ ಇರೋಳು ನನ್ನಕ್ಕ. ಮೂಲೇಲಿ ಅಳ್ತಿರೋಳು ನಾನು. ಇಷ್ಟು ದಿನ ನಿಮಗೆಲ್ಲ ತಪ್ಪು ಹೇಳಿದೆ,” ಅಂದಳು. ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದಳು. “ಆದ್ರೆ ನೀರು ತಣ್ಣಗಿತ್ತು. ಅದು ಸುಳ್ಳಲ್ಲ.”