ಟೈರಿನ ತಳದ ಶೂ

ಇವತ್ತು ಹುಮನಾಬಾದಿನ ಅಂಗಡಿಯೊಂದರಲ್ಲಿ ಹೊಸ ಶೂ ಡಬ್ಬಿ ತೆರೆದಾಗ ಬಂದ ರಬ್ಬರ್ ವಾಸನೆಗೆ ಅಪ್ಪ ಹಾಕಿಕೊಂಡು ತಿರುಗಿದ ಹಳೆಯ ಶೂ ನೆನಪಾಯಿತು.

ಆಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಹಟ ಹಿಡಿದು ಬಿಳಿ ಸ್ಪೋರ್ಟ್ಸ್ ಶೂ ಕೊಡಿಸಿಕೊಂಡಿದ್ದೆ. ನಮ್ಮೂರಲ್ಲಿ ಹೊಸ ಚಪ್ಪಲಿ ತಂದರೆ, ಬೇಗ ಸವೆಯಬಾರದೆಂದು ಮೊದಲೇ ತಳಕ್ಕೆ ಟೈರಿನ ತುಂಡಿಟ್ಟು ಮೊಳೆ ಹೊಡೆಸುತ್ತಿದ್ದರು. ಅಪ್ಪ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಶೂಗೂ ಅದನ್ನೇ ಮಾಡಿಸಿ ತಂದ.

"ಏನಲೇ, ಕಾಲಿಗಿ ಟ್ರ್ಯಾಕ್ಟರ್ ಕಟ್ಕೊಂಡ್ ಬಂದಿಯೇನು?" ಎಂದು ಶಾಲೆಯ ಹುಡುಗರು ನಕ್ಕರು. ಮನೆಗೆ ಬಂದವನೇ ಶೂ ಬಿಸಾಕಿದೆ.

ಅಪ್ಪ ಬೈಯಲಿಲ್ಲ. ಶೂವಿನ ಹಿಂಭಾಗ ತುಳಿದು ಚಪ್ಪಟೆ ಮಾಡಿ, ತನ್ನ ದೊಡ್ಡ ಕಾಲನ್ನು ಅದರಲ್ಲೇ ತುರುಕಿಕೊಂಡು ಹೊಲಕ್ಕೆ ಹೋಗತೊಡಗಿದ. "ನೋಡ್ರಿ, ಇನ್ನಾ ಒಂದ್ ಮೊಳಿ ಸುದ್ದಾ ಕಿತ್ತಿಲ್ಲ," ಎಂದು ಎದುರಿಗೆ ಸಿಕ್ಕವರಿಗೆಲ್ಲ ಕಾಲೆತ್ತಿ ತೋರಿಸುತ್ತಿದ್ದ. ನಾನು ನಾಚಿಕೆಯಿಂದ ಅವನ ಜೊತೆ ಊರೊಳಗೆ ನಡೆಯುವುದನ್ನೇ ಬಿಟ್ಟೆ.

ಇವತ್ತು ಶೂ ತೆಗೆದುಕೊಳ್ಳಲು ಹೋಗಿದ್ದು ಅಪ್ಪನಿಗಾಗಿಯೇ. "ಅಪ್ಪಾವರ ಕಾಲಿನ ನಂಬರ್ ಎಷ್ಟ್ರಿ?" ಎಂದು ಅಂಗಡಿಯವ ಕೇಳಿದ.

ನನಗೆ ಗೊತ್ತಿರಲಿಲ್ಲ. ಅಪ್ಪ ಕಾಲು ತುರುಕಿಕೊಂಡು ತಿರುಗಿದ ನನ್ನ ಆ ಶೂವಿನ ನಂಬರ್ ಮಾತ್ರ ನೆನಪಿತ್ತು.