ವೇಣೂಬಾಯಿಯ ಗುರುವಾರ

ಸೊಲ್ಲಾಪುರದ ಚಾದರ ವ್ಯಾಪಾರಿಗಳ ಮನೆಯ ವೇಣೂಬಾಯಿ ಅಜ್ಜಿಯ ಉಪಕಾರಸ್ಮರಣೆಗೆ ಮಿತಿಯಿಲ್ಲ. ನಲ್ಲಿಗೆ ಕೈಮುಗಿದು ನೀರು ಹಿಡಿಯುತ್ತಾಳೆ, ಮಿಕ್ಸರಿಗೆ ಕುಂಕುಮ ಹಚ್ಚಿದ ಮೇಲೆಯೇ ಗುಂಡಿ ಒತ್ತುತ್ತಾಳೆ. ಸೊಸೆ ದೀಪಾಲಿಗೆ ಮಾತ್ರ ಬೆಳಗಾದರೆ ಬೈಗುಳ: “ರೊಟ್ಟಿ ಏನ ಇದು, ಚಾದರ ಆಗ್ಯದ! ಚಟ್ನಿಗೆ ಉಪ್ಪ ಯಾರ ಹಾಕಬೇಕ?” ಗುರುವಾರ ಬಂತೆಂದರೆ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋಗಿ, ಸ್ವಾಮಿಗಳ ಗುಡಿಯಲ್ಲಿ ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುವುದು ಅವಳ ರೂಢಿ. ಕಿವಿ ಮಂದವಾದ್ದರಿಂದ ಅವಳ ಪಿಸುಮಾತು ಇಡೀ ಸರದಿಸಾಲಿಗೆ ಕೇಳುತ್ತದೆ. ಕಳೆದ ವಾರ ಜೊತೆಗೆ ಹೋದ ದೀಪಾಲಿಗೂ ಬೆನ್ನ ಹಿಂದೆ ನಿಂತಲ್ಲೇ ಕೇಳಿತು: “ಸ್ವಾಮಿ, ನನ್ನ ಸೊಸಿ ಬಂಗಾರದಂಥಾಕಿ. ಮನ್ಯಾಗ ಹೊಗಳಿದ್ರ ದೃಷ್ಟಿ ತಾಗ್ತದ, ಅದಕ್ಕ ಬೈತೀನಿ. ನಿನ್ನ ಮುಂದ ಅಷ್ಟ ಹೇಳಾಕತ್ತೀನಿ, ಯಾರಿಗೂ ಹೇಳಬ್ಯಾಡ.” ಅಂದಿನಿಂದ ದೀಪಾಲಿ ಚಟ್ನಿಗೆ ಬೇಕಂತಲೇ ಒಂದು ಚಿಟಿಕೆ ಉಪ್ಪು ಕಮ್ಮಿ ಹಾಕುತ್ತಾಳೆ.